ಮರ ಕೊನೆಗೆ, ಗಾಳಿ ಮೊದಲು: ಬಿಳಿಬಾಲದ ಜಿಂಕೆಗೆ ಅಟ್ಟಣೆಯ ಜಾಗ ಆರಿಸುವುದು

ಬೇಟೆಗಾಗಿ ಮರದ ಮೇಲೆ ಕಟ್ಟಿ ಕೂರುವ ಅಟ್ಟಣೆಗೆ ಜಾಗ ಹುಡುಕಲು ಹೊರಟವರು ಸಾಮಾನ್ಯವಾಗಿ ಹೊಲದ ಅಂಚಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಜಿಂಕೆಯ ಕಾಲುದಾರಿ ತುಳಿದು ತುಳಿದು ಮಣ್ಣು ಕಾಣುತ್ತಿರುತ್ತದೆ, ಹಿಕ್ಕೆ ಬಿದ್ದಿರುತ್ತದೆ, ಅಂಚಿನ ಎಳೆಮರಗಳ ತೊಗಟೆ ಕೊಂಬಿನ ಉಜ್ಜಿಗೆ ಸುಲಿದಿರುತ್ತದೆ. ಇಷ್ಟು ಗುರುತು ಒಟ್ಟಿಗೆ ಕಂಡರೆ ಪಕ್ಕದ ಮರಕ್ಕೇ ಅಟ್ಟಣೆ ಕಟ್ಟಬೇಕೆನಿಸುವುದು ಸಹಜ. ಆದರೆ ಹಾಗೆ ಕಟ್ಟಿದ ಅಟ್ಟಣೆಯಿಂದ ಹೆಣ್ಣು, ಮರಿಗಳು ಕಂಡಾವು; ವಯಸ್ಸಾದ ಗಂಡು ಬೆಳಕಿರುವಾಗ ಕಾಣುವುದು ಅಪರೂಪ. ಹೊಲದ ಅಂಚಿನ ಗುರುತುಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ ಆದವು. ಬೇಟೆಗೆ ಅನುಮತಿ ಇರುವುದು ಬೆಳಕಿನಲ್ಲಿ.

ಗುರುತು ಹೇಳುವುದು ಜಿಂಕೆ ಇಲ್ಲಿಗೆ ಬಂದಿತ್ತು ಎಂದಷ್ಟೇ. ಯಾವ ಹೊತ್ತಿನಲ್ಲಿ ಬಂತು, ಯಾವ ಗಾಳಿಯಲ್ಲಿ ಬಂತು, ಅದಕ್ಕೆ ತಿಳಿಯದಂತೆ ನೀವು ಅಲ್ಲಿಗೆ ಹೋಗಿ ಕೂತು ಹಿಂತಿರುಗಬಹುದೇ ಎಂಬ ಪ್ರಶ್ನೆಗಳಿಗೆ ಗುರುತಿನಲ್ಲಿ ನೇರ ಉತ್ತರವಿಲ್ಲ. ನನ್ನ ಪ್ರಕಾರ ಅಟ್ಟಣೆಯ ಜಾಗವನ್ನು ತೀರ್ಮಾನಿಸುವುದು ಈ ಕೊನೆಯ ಪ್ರಶ್ನೆಯೇ. ಗುರುತು ಕಡಿಮೆಯಿದ್ದರೂ ಗಾಳಿ ಒಪ್ಪುವ, ಅಂದರೆ ನಿಮ್ಮ ವಾಸನೆ ಜಿಂಕೆಯ ಕಡೆ ಹೋಗದ ಮರ, ಗುರುತು ತುಂಬಿದ್ದೂ ಗಾಳಿ ಒಪ್ಪದ ಮರಕ್ಕಿಂತ ಯಾವಾಗಲೂ ಮೇಲು.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಬಗ್ಗೆ, ಅಲ್ಲಿನ ರಾಜ್ಯಗಳು ಪರವಾನಗಿ ಕೊಟ್ಟು ನಡೆಸುವ ಬೇಟೆಯ ಬಗ್ಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲೂ ಋತು, ಹೊತ್ತು, ಆಯುಧ, ಕಿತ್ತಳೆ ಬಣ್ಣದ ಉಡುಪು, ಸಾರ್ವಜನಿಕ ಕಾಡಿನಲ್ಲಿ ಅಟ್ಟಣೆ ಬಿಟ್ಟುಬರಬಹುದೇ, ಕೊಂಬೆ ಕಡಿಯಬಹುದೇ, ಮರಕ್ಕೆ ಮೊಳೆ ಹೊಡೆಯಬಹುದೇ ಎಂಬ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಯಾ ವರ್ಷದ ನಿಯಮಪುಸ್ತಕ ಓದದೆ ಮರ ಹತ್ತಬೇಡಿ. ಖಾಸಗಿ ಜಮೀನಾದರೆ ಮಾಲೀಕರ ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಕಾಡಿಗೆ ಕಾಲಿಡುವ ಮೊದಲು

ಮೊದಲು ನಕ್ಷೆ. ಉಪಗ್ರಹ ಚಿತ್ರ ಮತ್ತು ಎತ್ತರರೇಖೆ ಇರುವ ನಕ್ಷೆ ಎರಡನ್ನೂ ಮೊಬೈಲಿನಲ್ಲಿ ಒಂದರ ಮೇಲೊಂದು ಹಾಕಿ ನೋಡಿ. ಮೂರು ಸಂಗತಿ ಗುರುತಿಸಿಕೊಳ್ಳಬೇಕು: ಜಿಂಕೆ ತಿನ್ನುವ ಜಾಗ, ಹಗಲಲ್ಲಿ ಮಲಗುವ ಜಾಗ, ಇವೆರಡರ ನಡುವೆ ಅದರ ದಾರಿ ಇಕ್ಕಟ್ಟಾಗುವ ಜಾಗ. ತಿನ್ನುವುದು ಸೋಯಾ, ಮೆಕ್ಕೆಜೋಳ, ಕ್ಲೋವರ್ ಮತ್ತು ಆಲ್ಫಾಲ್ಫಾ ಎಂಬ ಮೇವಿನ ಬೆಳೆಗಳ ಹೊಲಗಳಲ್ಲಿ, ಇಲ್ಲವೇ ಕಾಡಿನೊಳಗಿನ ಓಕ್ ಮರಗಳ ಕೆಳಗೆ. ಮಲಗುವುದು ಮುಳ್ಳುಪೊದೆಯಲ್ಲಿ, ಮರ ಕಡಿದ ಮೇಲೆ ದಟ್ಟವಾಗಿ ಚಿಗುರಿದ ಜಾಗದಲ್ಲಿ, ಜವುಗಿನ ನಡುವಿನ ಒಣದಿಬ್ಬದಲ್ಲಿ, ಬೆಟ್ಟಸಾಲಿನ ಮೂಗಿನಂಥ ಚಾಚುಗಳಲ್ಲಿ.

ಇಕ್ಕಟ್ಟಿನ ಜಾಗಗಳನ್ನು ನಕ್ಷೆಯಲ್ಲೇ ಹಿಡಿಯಬಹುದು. ಬೆಟ್ಟದ ಏಣು ತಗ್ಗಿ ಮತ್ತೆ ಏರುವ ಕಡೆ ಜಿಂಕೆ ದಾಟುತ್ತದೆ, ಹತ್ತಲು ಅಲ್ಲೇ ಸುಲಭ. ಕಡಿದಾದ ಇಳಿಜಾರಿನ ನಡುವೆ ಸಮತಟ್ಟಾದ ಪಟ್ಟಿಯಿದ್ದರೆ ಅದರ ಉದ್ದಕ್ಕೂ ನಡೆಯುತ್ತದೆ. ಆಳವಾದ ಕೊರಕಲಿನ ತಲೆಯನ್ನು ಬಳಸಿ ಹೋಗುತ್ತದೆ. ಕೊರಕಲಿಗೆ ಇಳಿದು ಹತ್ತುವ ಕಷ್ಟವನ್ನು ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಎರಡು ಕಾಡುತುಂಡುಗಳ ನಡುವೆ ಬಯಲಿದ್ದು ಒಂದು ಕಿರಿದಾದ ಮರದ ಪಟ್ಟಿ ಅವನ್ನು ಕೂಡಿಸುತ್ತಿದ್ದರೆ ಆ ಪಟ್ಟಿಯೇ ದಾರಿ. ಹೊಲವೊಂದು ಕಾಡಿನೊಳಕ್ಕೆ ಚುಚ್ಚಿಕೊಂಡು ಹೋಗಿ ಮೂಲೆಯಾಗುವ ಕಡೆ, ಆ ಮೂಲೆಯ ಹಿಂದಿನ ಮರಗಳ ಮರೆಯಲ್ಲಿ ಜಿಂಕೆ ತಿರುಗುತ್ತದೆ. ಇಂಥ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಆಮೇಲೆ ಕಾಲಿಟ್ಟರೆ, ಕಾಡನ್ನೆಲ್ಲ ತುಳಿದು ವಾಸನೆ ಬಿಡುವುದು ತಪ್ಪುತ್ತದೆ.

ಕಾಲಿಡಲು ಅತ್ಯುತ್ತಮ ಕಾಲ ಬೇಟೆಯ ಋತು ಮುಗಿದ ಮೇಲೆ, ಹಿಮ ಕರಗಿ ಹೊಸ ಹಸಿರು ಚಿಗುರುವ ಮೊದಲು. ಫೆಬ್ರವರಿ, ಮಾರ್ಚಿನಲ್ಲಿ ಹಿಂದಿನ ನವೆಂಬರಿನ ಗುರುತುಗಳೆಲ್ಲ ಬರಿನೆಲದ ಮೇಲೆ ತೆರೆದುಕೊಂಡಿರುತ್ತವೆ. ಆಗ ಮಲಗುವ ಪೊದೆಯೊಳಗೇ ನುಗ್ಗಿ ನೋಡಿದರೂ ನಷ್ಟವಿಲ್ಲ; ಮುಂದಿನ ಋತುವಿನ ಹೊತ್ತಿಗೆ ಜಿಂಕೆ ಅದನ್ನು ಲೆಕ್ಕಕ್ಕಿಡುವುದಿಲ್ಲ. ಅದೇ ಕೆಲಸವನ್ನು ಅಕ್ಟೋಬರಿನಲ್ಲಿ ಮಾಡಿದರೆ ಆ ಗಂಡು ಮಲಗುವ ಜಾಗವನ್ನೇ ಬದಲಿಸಬಹುದು.

ನೆಲ ಓದುವುದು

ಕಾಲುದಾರಿಗಳಲ್ಲಿ ಎರಡು ಬಗೆ. ದೂರದಿಂದಲೇ ಕಾಣುವ, ಅಗಲವಾದ ದಾರಿ ಹೆಣ್ಣುಗಳು ಮರಿಗಳೊಂದಿಗೆ ದಿನವೂ ಓಡಾಡುವುದು. ಅದಕ್ಕೆ ಸಮನಾಗಿ, ಗಾಳಿ ಹೋಗುವ ಬದಿಯಲ್ಲಿ, ಇಪ್ಪತ್ತೋ ಅರವತ್ತೋ ಗಜ ಆಚೆಗೆ, ತರಗೆಲೆ ಸ್ವಲ್ಪ ಮಾತ್ರ ಕದಡಿದ ಮಸುಕು ದಾರಿಯೊಂದು ಅನೇಕ ಕಡೆ ಇರುತ್ತದೆ. ಬೆದೆಯ ಕಾಲದಲ್ಲಿ ಗಂಡು ಈ ದಾರಿಯಲ್ಲಿ ನಡೆದು, ಮುಖ್ಯ ದಾರಿಯಲ್ಲಿ ಯಾರು ಹೋದರೆಂದು ಮೂಗಿನಲ್ಲೇ ತಿಳಿದುಕೊಳ್ಳುತ್ತದೆ. ದೊಡ್ಡ ದಾರಿ ಕಂಡ ಕೂಡಲೇ ನಿಲ್ಲದೆ ಅದರ ಎರಡೂ ಬದಿಗೆ ಅಡ್ಡಡ್ಡ ನಡೆದು ನೋಡುವುದು ಇದಕ್ಕಾಗಿಯೇ.

ದಾರಿ ಹೊಲಕ್ಕೆ ಸೇರುವ ಕಡೆಯಿಂದ ಕಾಡಿನೊಳಕ್ಕೆ ಹಿಂದೆ ಹಿಂದೆ ನಡೆಯಿರಿ. ಸಾಮಾನ್ಯವಾಗಿ 50ರಿಂದ 100 ಗಜ ಒಳಗೆ ದಾರಿಗಳು ಕವಲೊಡೆಯುವ, ಇಲ್ಲವೇ ಕೂಡುವ ಜಾಗ ಸಿಗುತ್ತದೆ. ಅಲ್ಲಿ ಹಿಕ್ಕೆ ಹೆಚ್ಚು, ಕೊಂಬುಜ್ಜಿದ ಮರಗಳು ಗುಂಪಾಗಿರುತ್ತವೆ, ಎಳೆಕೊಂಬೆಗಳ ತುದಿ ತಿಂದಿರುತ್ತದೆ. ಸಂಜೆ ಹೊಲಕ್ಕೆ ಇಳಿಯುವ ಮೊದಲು ಕತ್ತಲಿಗಾಗಿ ಕಾಯುವ ಜಿಂಕೆ ನಿಲ್ಲುವುದು ಇಲ್ಲಿ. ಹೊಲದಂಚಿನಲ್ಲಿ ರಾತ್ರಿ ಕಾಣಿಸಿಕೊಳ್ಳುವ ಗಂಡು ಇಲ್ಲಿ ಇನ್ನೂ ಬೆಳಕಿರುವಾಗಲೇ ಸಿಗಬಹುದು. ಸಂಜೆಯ ಅಟ್ಟಣೆಗೆ ನಾನು ಮೊದಲು ಹುಡುಕುವುದು ಈ ಜಾಗವನ್ನು.

ಹೆಜ್ಜೆಗುರುತಿನ ಅಂಚು ಚೂಪಾಗಿದ್ದು ಒಳಗೆ ಕಸ ಬಿದ್ದಿಲ್ಲವಾದರೆ ಹೊಸದು. ಕಳೆದ ಮಳೆ ಯಾವಾಗ ಬಂತೆಂದು ನೆನಪಿಟ್ಟರೆ ವಯಸ್ಸು ಹೇಳುವುದು ಸುಲಭ. ಮಳೆಹನಿಯ ಕುಳಿ ಹೆಜ್ಜೆಯ ಮೇಲಿದ್ದರೆ ಅದು ಮಳೆಗಿಂತ ಹಳೆಯದು. ಗೊರಸಿನ ಗುರುತು 3 ಇಂಚಿಗೂ ಉದ್ದವಾಗಿ, ಅಗಲವಾಗಿ, ಆಳವಾಗಿದ್ದರೆ ದೊಡ್ಡ ಪ್ರಾಣಿ ಎನ್ನಬಹುದು. ಹಿಂಭಾಗದ ಎರಡು ಚಿಕ್ಕ ಗೊರಸು ಮೂಡಿದರೆ ಗಂಡೇ ಎಂದು ಹೇಳುವವರಿದ್ದಾರೆ; ಅದು ನಿಜವಲ್ಲ, ಮೆತ್ತನೆ ನೆಲದಲ್ಲಿ ಹೆಣ್ಣಿನದೂ ಮೂಡುತ್ತದೆ. ಬೇಲಿತಂತಿಗೆ ಸಿಕ್ಕ ಕೂದಲು, ತೊರೆಯ ದಂಡೆ ಕುಸಿದು ಇಳಿಜಾರಾದ ಜಾಗ, ತಂತಿ ಜೋತುಬಿದ್ದ ಜಾಗ ಇವು ದಾಟುವ ಸ್ಥಳವನ್ನು ಖಚಿತವಾಗಿ ತೋರಿಸುತ್ತವೆ. ತಿಂದ ಕೊಂಬೆಯ ತುದಿ ನೋಡಿ: ಜಿಂಕೆಗೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಹಾಗಾಗಿ ಎಳೆದು ಹರಿಯುತ್ತದೆ, ತುದಿ ನಾರುನಾರಾಗಿರುತ್ತದೆ. ಕತ್ತರಿಸಿದಂತೆ ಓರೆಯಾಗಿ ನುಣುಪಾಗಿದ್ದರೆ ಅದು ಮೊಲದ ಕೆಲಸ.

ಕೊಂಬುಜ್ಜಿದ ಮರಗಳು ದಿಕ್ಕನ್ನೂ ಹೇಳುತ್ತವೆ. ಗಂಡು ತಾನು ಬರುವ ಕಡೆಯ ಮುಖವನ್ನು ಉಜ್ಜುವುದೇ ಹೆಚ್ಚು. ಒಂದರ ಹಿಂದೊಂದು ಮರಗಳಲ್ಲಿ ಸುಲಿದ ಭಾಗ ಒಂದೇ ಕಡೆ ತಿರುಗಿದ್ದರೆ, ಆ ಮುಖಗಳೆಲ್ಲ ಕಾಣುವಂತೆ ನಿಂತು ನೋಡಿ. ನೀವು ನಿಂತ ಕಡೆಯಿಂದ ಅದು ಬರುತ್ತಿದೆ. ಸುಲಿದ ಮುಖ ಮಲಗುವ ಪೊದೆಯ ಕಡೆಗಿದ್ದರೆ ಅದು ಸಂಜೆ ಹೊರಡುವಾಗಿನದು. ಹೊಲದ ಕಡೆಗಿದ್ದರೆ ಬೆಳಗಿನ ಜಾವ ಮರಳುವಾಗಿನದು. ಒಂದೇ ಒಂದು ಮರ ಉಜ್ಜಿದ್ದರೆ ಅದರ ಮೇಲೆ ಏನನ್ನೂ ಕಟ್ಟಬೇಡಿ. ಸಾಲು ಬೇಕು. ಕಾಲಿನ ಮೀನಖಂಡದಷ್ಟು ದಪ್ಪದ ಮರಗಳನ್ನು ಉಜ್ಜಿದ್ದರೆ ದೊಡ್ಡ ಗಂಡು ಇದೆ ಎನ್ನಬಹುದು. ತೆಳ್ಳನೆ ಮರ ಉಜ್ಜಿದ್ದರೆ ಚಿಕ್ಕದೇ ಎನ್ನಲಾಗದು, ದೊಡ್ಡವೂ ತೆಳ್ಳನೆಯ ಮರ ಉಜ್ಜುತ್ತವೆ.

ಗಂಡು ನೆಲವನ್ನು ಕಾಲಿನಿಂದ ಕೆರೆದು, ಮೂತ್ರ ಬಿಟ್ಟು, ಮೇಲಿನ ಕೊಂಬೆಯನ್ನು ನೆಕ್ಕಿ ಕಚ್ಚಿ ವಾಸನೆ ಹಚ್ಚುವ ಜಾಗಗಳು ಅಕ್ಟೋಬರಿನಿಂದ ಎದ್ದು ಕಾಣುತ್ತವೆ. ಕೆರೆತದ ಮೇಲೆ ನಾಲ್ಕೈದು ಅಡಿ ಎತ್ತರದಲ್ಲಿ ಮುರಿದ ಕೊಂಬೆಯಿದ್ದರೆ ಅದು ನಿಜವಾದದ್ದು. ಇವು ನೋಡಲು ತುಂಬ ಹುರುಪು ಕೊಡುತ್ತವೆ, ಮೋಸವನ್ನೂ ಮಾಡುತ್ತವೆ. ಕೆರೆತಕ್ಕೆ ಭೇಟಿ ಹೆಚ್ಚಾಗಿ ರಾತ್ರಿಯೇ. ಹಗಲಲ್ಲಿ ಬಂದರೂ ಗಂಡು ಅನೇಕ ಸಲ ಗಾಳಿ ಹೋಗುವ ಬದಿಯಲ್ಲಿ ದೂರದಿಂದಲೇ ಮೂಸಿ ಮುಂದೆ ಹೋಗುತ್ತದೆ. ಹೊಲದಂಚಿನ ಕೆರೆತವನ್ನು ಬಿಟ್ಟು ಕಾಡಿನೊಳಗೆ, ಪೊದೆಗೆ ಹತ್ತಿರವಿರುವ, ವರ್ಷ ವರ್ಷ ಅದೇ ಕೊಂಬೆಯ ಕೆಳಗೆ ತೆರೆದುಕೊಳ್ಳುವ ಕೆರೆತವನ್ನು ನಂಬಿ. ಅಟ್ಟಣೆಯನ್ನು ಅದರ ಮೇಲೆಯೇ ಇಡದೆ, ಗಂಡು ಮೂಸಲು ಬಳಸುವ ಬದಿಯನ್ನು ಹೊಡೆತದೊಳಗೆ ತರುವಂತೆ ಇಡಬೇಕು.

ಓಕ್ ಕಾಯಿಯ ಬಗ್ಗೆ ಒಂದು ಮಾತು. ಬಿಳಿ ಓಕ್ ಗುಂಪಿನ ಕಾಯಿ ಒಂದೇ ವರ್ಷದಲ್ಲಿ ಬಲಿತು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಉದುರುತ್ತದೆ. ಒಗರು ಕಡಿಮೆ, ಜಿಂಕೆಗೆ ಬಲು ಇಷ್ಟ. ಕೆಂಪು ಓಕ್ ಕಾಯಿ ಬಲಿಯಲು ಎರಡು ವರ್ಷ ಬೇಕು, ಒಗರು ಹೆಚ್ಚು, ಹಾಗಾಗಿ ಬಹಳಷ್ಟು ಚಳಿಗಾಲದವರೆಗೂ ನೆಲದಲ್ಲಿ ಉಳಿಯುತ್ತದೆ. ಎಲೆಯ ಅಂಚು ದುಂಡಾಗಿದ್ದರೆ ಬಿಳಿ, ಮುಳ್ಳುತುದಿಯಿದ್ದರೆ ಕೆಂಪು. ಬಿಳಿ ಓಕ್ ಉದುರಲು ಶುರುವಾದ ವಾರದಲ್ಲಿ ಸೋಯಾ ಹೊಲದ ಜಿಂಕೆಗಳು ಇದ್ದಕ್ಕಿದ್ದಂತೆ ಕಾಣೆಯಾಗುತ್ತವೆ. ಅವು ಎಲ್ಲಿಗೂ ಹೋಗಿರುವುದಿಲ್ಲ, ಕಾಡಿನೊಳಗೆ ಕಾಯಿ ತಿನ್ನುತ್ತಿರುತ್ತವೆ. ದುರ್ಬೀನಿನಲ್ಲಿ ಬೇಸಿಗೆ ಕೊನೆಗೇ ಮರದ ತುದಿ ನೋಡಿಕೊಂಡರೆ ಈ ವರ್ಷ ಯಾವ ಮರ ಕಾಯಿ ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಎಲ್ಲ ಮರ ಎಲ್ಲ ವರ್ಷ ಬಿಡುವುದಿಲ್ಲ.

ಮಲಗಿದ ಗುರುತು ತರಗೆಲೆಯಲ್ಲೋ ಹುಲ್ಲಿನಲ್ಲೋ ಮೊಟ್ಟೆಯಾಕಾರದ ತಗ್ಗು. ಬೇರೆ ಬೇರೆ ಅಳತೆಯ ಮೂರ್ನಾಲ್ಕು ಒಟ್ಟಿಗಿದ್ದರೆ ಹೆಣ್ಣು ಮತ್ತು ಮರಿಗಳು. ನಾಲ್ಕಡಿ ಹತ್ತಿರದ ಒಂದೇ ತಗ್ಗು, ಪಕ್ಕದಲ್ಲೇ ಉಜ್ಜಿದ ಮರ ಇದ್ದರೆ ಗಂಡಿನದು. ಅಲ್ಲಿ ಕೂತು, ಜಿಂಕೆಯ ಕಣ್ಣಿನ ಎತ್ತರದಿಂದ ಸುತ್ತ ನೋಡಿ. ನೀವು ಬರಬೇಕೆಂದಿದ್ದ ದಾರಿ ಅಲ್ಲಿಂದ ಕಾಣುತ್ತದೆಯೇ? ಕಂಡರೆ ಆ ದಾರಿ ಬಿಡಿ.

ಗಾಳಿ

ಬೆನ್ನ ಹಿಂದಿನಿಂದ ಗಾಳಿ, ಕಣ್ಣೆದುರು ತೆರೆದ ನೋಟ: ಬೆಟ್ಟಸಾಲಿನ ದೊಡ್ಡ ಗಂಡು ಮಲಗುವುದು ಹೀಗೆ. ಏಣಿನ ಗಾಳಿಮರೆಯ ಬದಿಯಲ್ಲಿ, ಮೇಲಿನ ಮೂರನೇ ಒಂದು ಭಾಗದ ಎತ್ತರದಲ್ಲಿ ಅದು ಮಲಗುತ್ತದೆ. ಏಣಿನ ಆಚೆಯಿಂದ ಬರುವ ಅಪಾಯವನ್ನು ಗಾಳಿ ತಿಳಿಸುತ್ತದೆ, ಕೆಳಗಿನದನ್ನು ಕಣ್ಣು ತಿಳಿಸುತ್ತದೆ. ಬಿಸಿಲೇರಿದ ಮೇಲೆ ಕಣಿವೆಯಿಂದ ಮೇಲೇರುವ ಗಾಳಿ ಕೆಳಗಿನ ವಾಸನೆಯನ್ನೂ ತಂದುಕೊಡುತ್ತದೆ. ಗಾಳಿ ದಿಕ್ಕು ಬದಲಿಸಿದ ದಿನ ಮಲಗುವ ಬದಿಯೂ ಬದಲಾಗುತ್ತದೆ. ಹಾಗಾಗಿ "ಆ ಗಂಡು ಎಲ್ಲಿ ಮಲಗುತ್ತದೆ" ಎಂದು ಕೇಳಿದರೆ ಸಾಲದು, "ಪಶ್ಚಿಮದ ಗಾಳಿಯಲ್ಲಿ ಎಲ್ಲಿ ಮಲಗುತ್ತದೆ" ಎಂದು ಕೇಳಬೇಕು.

ಗಾಳಿಯನ್ನು ಹೆಸರಿಸುವುದು ಅದು ಬರುವ ದಿಕ್ಕಿನಿಂದ. ವಾಯವ್ಯದ ಗಾಳಿ ಎಂದರೆ ನಿಮ್ಮ ವಾಸನೆ ಆಗ್ನೇಯಕ್ಕೆ ಹೋಗುತ್ತದೆ. ವಾಸನೆ ಗೆರೆಯಂತೆ ಹೋಗುವುದಿಲ್ಲ. ದೂರ ಹೋದಂತೆ ಬೀಸಣಿಗೆಯ ಹಾಗೆ ಅಗಲವಾಗುತ್ತದೆ. ಹತ್ತು ಗಜದಲ್ಲಿ ತಪ್ಪಿಸಿಕೊಂಡ ಜಿಂಕೆ ನೂರು ಗಜದಲ್ಲಿ ಅದರೊಳಗೆ ಬರಬಹುದು.

ಒಂದು ಉದಾಹರಣೆ ಹಾಕಿ ನೋಡೋಣ. ಉತ್ತರದಲ್ಲಿ ಮಲಗುವ ಪೊದೆ, ದಕ್ಷಿಣದಲ್ಲಿ ಹೊಲ, ನಡುವೆ ಉತ್ತರ-ದಕ್ಷಿಣವಾಗಿ ಕಾಲುದಾರಿ. ಸಂಜೆ ಜಿಂಕೆ ದಕ್ಷಿಣಕ್ಕೆ ಮುಖ ಮಾಡಿ ಬರುತ್ತದೆ. ಗಾಳಿ ಪಶ್ಚಿಮದಿಂದ ಬೀಸಿದರೆ ಅಟ್ಟಣೆ ದಾರಿಯ ಪೂರ್ವಕ್ಕೆ, ಬಿಲ್ಲಿಗಾದರೆ 15ರಿಂದ 20 ಗಜ ದೂರದಲ್ಲಿ. ವಾಸನೆ ಪೂರ್ವಕ್ಕೆ ಹೋಯಿತು, ದಾರಿಗೆ ತಾಗಲಿಲ್ಲ. ವಾಯವ್ಯದ ಗಾಳಿಗೂ ಅದೇ ಮರ ಆಗುತ್ತದೆ, ಆದರೆ ವಾಸನೆ ಆಗ್ನೇಯಕ್ಕೆ, ಅಂದರೆ ಹೊಲದ ಪೂರ್ವಮೂಲೆಗೆ ಹೋಗುತ್ತದೆ. ಆ ಮೂಲೆಯಲ್ಲಿ ಮೊದಲೇ ಹೆಣ್ಣುಗಳು ಮೇಯುತ್ತಿದ್ದರೆ ಅವು ಬುಸುಗುಟ್ಟಿ, ಬಾಲವೆತ್ತಿ ಓಡುತ್ತವೆ. ಹಿಂದಿದ್ದ ಗಂಡು ಅಲ್ಲೇ ನಿಲ್ಲುತ್ತದೆ. ಪೂರ್ವದ ಗಾಳಿಗೆ ದಾರಿಯ ಪಶ್ಚಿಮದಲ್ಲಿ ಇನ್ನೊಂದು ಮರ ಬೇಕು. ದಕ್ಷಿಣದ ಗಾಳಿಯಲ್ಲಿ ಇಲ್ಲಿ ಯಾವ ಮರವೂ ಬೇಡ, ವಾಸನೆ ನೇರ ಪೊದೆಗೆ ಹೋಗುತ್ತದೆ. ಆ ದಿನ ಬೇರೆ ಜಾಗಕ್ಕೆ ಹೋಗಿ, ಇಲ್ಲವೇ ಮನೆಯಲ್ಲಿರಿ.

ಇನ್ನು ನೈಋತ್ಯದ ಗಾಳಿ. ಇದೇ ಅತ್ಯಂತ ಕುತೂಹಲದ್ದು. ಹೊಲದ ಕಡೆಯಿಂದ ಓರೆಯಾಗಿ ಜಿಂಕೆಯ ಮುಖಕ್ಕೆ ಗಾಳಿ ಸಿಗುತ್ತದೆ, ಹಾಗಾಗಿ ಅದು ಧೈರ್ಯವಾಗಿ, ಬೇಗ ಹೊರಡುತ್ತದೆ. ಪೂರ್ವದ ಮರದಲ್ಲಿರುವ ನಿಮ್ಮ ವಾಸನೆ ಈಶಾನ್ಯಕ್ಕೆ, ದಾರಿಯಿಂದ ಆಚೆಗೆ ಹೋಗುತ್ತದೆ. ಪೊದೆ ಪೂರ್ವಕ್ಕೆ ಚಾಚಿಲ್ಲದಿದ್ದರೆ ಈ ಮರ ಗೆದ್ದಿತು. ಚಾಚಿದ್ದರೆ ಎಲ್ಲ ಹಾಳು. ಗಾಳಿ ತನಗೇ ಅನುಕೂಲವಾಗಿದೆ ಎಂದು ಗಂಡು ನಂಬಬೇಕು, ಆದರೆ ಅದರ ಮೂಗಿಗೆ ನೀವು ಕೂದಲೆಳೆಯಷ್ಟು ಹೊರಗಿರಬೇಕು. ದೊಡ್ಡ ಗಂಡು ಹಗಲಲ್ಲಿ ಓಡಾಡುವುದು ಇಂಥ ಗಾಳಿಯಲ್ಲೇ ಹೆಚ್ಚು. ಬೇಟೆಗಾರನಿಗೆ ಪೂರ್ತಿ ಅನುಕೂಲವಾದ ಗಾಳಿಯಲ್ಲಿ ಅದು ಎದ್ದು ಬರಲು ಒಪ್ಪುವುದಿಲ್ಲ.

ಹವಾಮಾನದ ಆ್ಯಪ್ ಹೇಳುವ ದಿಕ್ಕು ಬಯಲಿನದು. ಮರದ ಬುಡದಲ್ಲಿ ಅದು ಬೇರೆಯಾಗಿರುತ್ತದೆ. ಮಿಲ್ಕ್‌ವೀಡ್ ಗಿಡದ ಒಣಕಾಯಿಯೊಳಗೆ ನಮ್ಮ ಎಕ್ಕದ ಹತ್ತಿಯಂಥದೇ ಬಿಳಿ ಅರಳೆ ಇರುತ್ತದೆ. ಅದರ ಒಂದೊಂದೇ ಎಳೆ ಬಿಟ್ಟು ಕಣ್ಣಿಗೆ ಕಾಣುವಷ್ಟು ದೂರ ಹಿಂಬಾಲಿಸಿ. ಪುಡಿ ಊದುವ ಡಬ್ಬಿಯಲ್ಲಿ ಎರಡು ಗಜದಾಚೆ ಏನಾಯಿತೆಂದು ತಿಳಿಯುವುದಿಲ್ಲ. ಈ ಅರಳೆ ಐವತ್ತು ಗಜ ಹೋಗಿ, ಅಲ್ಲಿ ಸುಳಿದು, ಕೆಳಗಿಳಿದು, ಹಿಂದಕ್ಕೆ ಬರುವುದನ್ನೂ ತೋರಿಸುತ್ತದೆ. ಅಟ್ಟಣೆ ಕಟ್ಟುವ ಮೊದಲೇ ಬೇರೆ ಬೇರೆ ಹೊತ್ತಿನಲ್ಲಿ, ಕೂರುವ ಎತ್ತರದಿಂದಲೇ ಇದನ್ನು ಮಾಡಬೇಕು.

ಗಾಳಿ ಸುಳಿಯುವ ಜಾಗಗಳು ಗೊತ್ತಿದ್ದವೇ: ಕಡಿದಾದ ಏಣಿನ ಮರೆ, ಕಣಿವೆಯ ತಳ, ಎತ್ತರದ ಕಾಡು ತಟ್ಟನೆ ಬಯಲಾಗುವ ಅಂಚು. ಮರಗಳ ಮೇಲಿನಿಂದ ಹಾರಿಬಂದ ಗಾಳಿ ಅಂಚಿನಲ್ಲಿ ಕೆಳಗೆ ಬಿದ್ದು ಹಿಂದಕ್ಕೆ ತಿರುಗುತ್ತದೆ. ಅಂಥ ಕಡೆ ಆ್ಯಪ್ ಯಾವ ದಿಕ್ಕು ಹೇಳಿದರೂ ವಾಸನೆ ಎಲ್ಲ ಕಡೆ ಹೋಗುತ್ತದೆ. ಕಣಿವೆಯ ತಳದಲ್ಲಿ ಗುರುತು ಎಷ್ಟೇ ಇದ್ದರೂ ನಾನು ಅಟ್ಟಣೆ ಇಡಲು ಹೇಳುವುದಿಲ್ಲ. ಗಂಟೆಗೆ 3 ಮೈಲಿಗಿಂತ ಕಡಿಮೆ ಗಾಳಿಗೆ ನಿಂತ ದಿಕ್ಕಿರುವುದಿಲ್ಲ, ಅಂಥ ದಿನಗಳೂ ಕಷ್ಟದವೇ. 5ರಿಂದ 15 ಮೈಲಿಯ ಸ್ಥಿರ ಗಾಳಿ ಒಳ್ಳೆಯದು, ನಿಮ್ಮ ಸದ್ದನ್ನೂ ಅದು ಮುಚ್ಚುತ್ತದೆ.

ಗುಡ್ಡದ ನೆಲದಲ್ಲಿ ಏರುಗಾಳಿ, ಇಳಿಗಾಳಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ತಂಪಾದ ಗಾಳಿ ನೀರಿನಂತೆ ಕೊರಕಲುಗಳ ಗುಂಟ ಕೆಳಗೆ ಹರಿಯುತ್ತದೆ. ಬಿಸಿಲು ಇಳಿಜಾರಿಗೆ ತಾಗಿ ನೆಲ ಬಿಸಿಯಾದ ಮೇಲೆ ಮೇಲೇರತೊಡಗುತ್ತದೆ. ಪೂರ್ವಮುಖದ ಇಳಿಜಾರಿನಲ್ಲಿ ಇದು ಬೇಗ, ನೆರಳಿನ ಬದಿಯಲ್ಲಿ ತಡ. ಸಂಜೆ ನೆರಳು ಬಿದ್ದ ಕೂಡಲೇ, ಸೂರ್ಯ ಮುಳುಗುವ ಮೊದಲೇ, ಮತ್ತೆ ಇಳಿಯತೊಡಗುತ್ತದೆ. ಬೆಳಗಿನ ಅಟ್ಟಣೆ ಜಿಂಕೆಯ ದಾರಿಗಿಂತ ಮೇಲಿದ್ದರೆ ವಾಸನೆ ಏರಿ ಹೋಗುತ್ತದೆ; ಸಂಜೆಯದು ದಾರಿಗಿಂತ ಕೆಳಗಿದ್ದು, ಇಳಿದ ವಾಸನೆ ಜಿಂಕೆ ಬಾರದ ತೊರೆಗೋ ರಸ್ತೆಗೋ ಹೋಗುವಂತಿರಬೇಕು. ಬೆಳಗ್ಗೆ ಕತ್ತಲಲ್ಲಿ ಹೋಗಿ ಕೂತಾಗ ಇನ್ನೂ ಇಳಿಗಾಳಿಯೇ ಇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಬಿಸಿಲು ತಾಗುವವರೆಗಿನ ಆ ಹೊತ್ತಿನಲ್ಲಿ ಕೆಳಗಿನಿಂದ ಬರುವ ಜಿಂಕೆಗೆ ನಿಮ್ಮ ಸುಳಿವು ಸಿಗುತ್ತದೆ. ಗಾಳಿ ಜೋರಾಗಿದ್ದ ದಿನ ಇದೆಲ್ಲ ಅಡಗುತ್ತದೆ, ಸಂಜೆ ಗಾಳಿ ಸತ್ತ ಕೂಡಲೇ ಎದ್ದುಬರುತ್ತದೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಜಿಂಕೆ ಬೆದರಿ ಓಡುವುದಕ್ಕೆ ಬಹುಪಾಲು ಕಾರಣ ಇದೇ.

ವಾಸನೆ ತಡೆಯುವ ಸೋಪು, ಬಟ್ಟೆ, ಸ್ಪ್ರೇಗಳನ್ನು ಬಳಸುವವರು ಬಳಸಲಿ. ಅವು ಗಾಳಿಯ ತಪ್ಪನ್ನು ತಿದ್ದುವುದಿಲ್ಲ.

ಹೋಗುವ ದಾರಿ, ಬರುವ ದಾರಿ

ಮರದಲ್ಲಿ ಕೂತಾಗಿನ ಗಾಳಿಯನ್ನಷ್ಟೇ ಲೆಕ್ಕ ಹಾಕಿ, ನಡೆದುಹೋಗುವಾಗಿನದನ್ನು ಮರೆತರೆ ಪ್ರಯೋಜನವಿಲ್ಲ. ವಾಹನ ನಿಲ್ಲಿಸಿದ ಜಾಗದಿಂದ ಮರದವರೆಗೆ ಪ್ರತಿ ತಿರುವಿನಲ್ಲೂ ವಾಸನೆ ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ಗೆರೆ ಎಳೆದು ನೋಡಿ. ಜಿಂಕೆ ಬರುತ್ತದೆಂದು ನೀವು ನಿರೀಕ್ಷಿಸುವ ಕಾಲುದಾರಿಯನ್ನು ದಾಟಬಾರದು; ದಾಟಲೇಬೇಕಾದರೆ ಒಂದೇ ಕಡೆ, ರಬ್ಬರ್ ಬೂಟಿನಲ್ಲಿ, ಪೊದೆಗೆ ಕೈ ಬಟ್ಟೆ ಸೋಕದಂತೆ ದಾಟಿ. ತೊರೆಯಲ್ಲಿ ನಡೆದುಹೋಗುವುದು ಬಹಳ ಒಳ್ಳೆಯದು, ಸದ್ದು ಮುಚ್ಚುತ್ತದೆ, ನೆಲದ ಮೇಲೆ ವಾಸನೆ ಉಳಿಯುವುದಿಲ್ಲ. ಕೊನೆಯ ನೂರು ಗಜದ ತರಗೆಲೆ, ಒಣಕಡ್ಡಿಯನ್ನು ಋತು ಶುರುವಾಗುವ ಮೊದಲೇ ಗೋರಿ ತೆಗೆದಿಡಿ.

ಬೆಳಗ್ಗೆ ಕತ್ತಲಲ್ಲಿ ಹೊಲ ಹಾದು ಹೋದರೆ ಅಲ್ಲಿ ಮೇಯುತ್ತಿರುವ ಜಿಂಕೆಗಳೆಲ್ಲ ಚದುರುತ್ತವೆ. ಹಿಂದಿನಿಂದ ಸುತ್ತಿಬರಲು ದಾರಿಯಿಲ್ಲದಿದ್ದರೆ ಆ ಅಟ್ಟಣೆ ಬೆಳಗಿಗೆ ಆಗದು, ಸಂಜೆಗೆ ಮಾತ್ರ. ಸಂಜೆಯ ತೊಡಕು ಬೇರೆ: ಕತ್ತಲಾಗಿದೆ, ಹೊಲದ ತುಂಬ ಜಿಂಕೆಗಳಿವೆ, ನೀವು ಇಳಿಯಬೇಕು. ನಿಮ್ಮನ್ನು ಇಳಿಯುವಾಗ ಕಂಡ ಹೆಣ್ಣು ಮುಂದಿನ ಸಂಜೆಯಿಂದ ಆ ಮರದ ಕಡೆ ತಲೆಯೆತ್ತಿ ನೋಡಿಯೇ ಬರುತ್ತದೆ. ಜಮೀನಿನವರು ವಾಹನದಲ್ಲಿ ಬಂದು ಜಿಂಕೆಗಳನ್ನು ಸಹಜವಾಗಿ ಸರಿಸಿದರೆ ಒಳ್ಳೆಯದು. ವಾಹನಕ್ಕೆ ಅವು ಒಗ್ಗಿರುತ್ತವೆ, ಮರದಿಂದ ಇಳಿಯುವ ಮನುಷ್ಯನಿಗಲ್ಲ. ಅದಾಗದಿದ್ದರೆ ಹೊಲದಂಚು ಬಿಟ್ಟು ಕಾಡಿನೊಳಗಿನ ಆ ಕವಲಿನ ಜಾಗಕ್ಕೇ ಹೋಗಬೇಕು, ಜಿಂಕೆಗಳು ಹೊಲಕ್ಕೆ ದಾಟಿದ ಮೇಲೆ ಹಿಂದಿನಿಂದ ಹೊರಬರಬೇಕು.

ಇಷ್ಟೆಲ್ಲ ಆದ ಮೇಲೆ ಮರ. 18ರಿಂದ 22 ಅಡಿ ಎತ್ತರ ಸಾಕು. ಇನ್ನೂ ಮೇಲೆ ಹೋದರೆ ಬಾಣದ ಕೋನ ಕಡಿದಾಗಿ ಒಂದೇ ಶ್ವಾಸಕೋಶಕ್ಕೆ ತಾಗುವ ಭಯ ಹೆಚ್ಚು, ಗಾಯಗೊಂಡ ಪ್ರಾಣಿ ಕೈತಪ್ಪುತ್ತದೆ. ಮರ ದಾರಿಗೆ ಹತ್ತು ಗಜಕ್ಕಿಂತ ಹತ್ತಿರವಿದ್ದರೂ ಅದೇ ತೊಂದರೆ. ಬಂದೂಕಿಗೆ 50ರಿಂದ 100 ಗಜ ಹಿಂದೆ ಸರಿಯಬಹುದು, ಗಾಳಿಯೂ ಸುಲಭವಾಗುತ್ತದೆ. ಇಳಿಜಾರಿನ ಮರದಲ್ಲಿ ಇಪ್ಪತ್ತಡಿ ಹತ್ತಿದರೂ ಮೇಲಿನ ಬದಿಯಿಂದ ಬರುವ ಜಿಂಕೆಯ ಕಣ್ಣಿಗೆ ನೀವು ನೇರ ಎದುರಲ್ಲಿರುತ್ತೀರಿ, ಇದನ್ನು ನೆಲದ ಮೇಲೆ ನಿಂತು ಮೊದಲೇ ನೋಡಿ. ಬೆನ್ನ ಹಿಂದೆ ದಪ್ಪ ಕಾಂಡ, ಕವಲು ಅಥವಾ ಪೈನಿನಂಥ ಸೂಜಿಯೆಲೆ ಮರದ ಹಸಿರಿರಲಿ. ಬರಿ ಆಕಾಶ ಹಿಂದಿದ್ದರೆ ಕೈ ಎತ್ತಿದ್ದೂ ಕಾಣುತ್ತದೆ. ಜಿಂಕೆಗೆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ, ಅಲುಗಾಟ ಎಲ್ಲಕ್ಕಿಂತ ಚೆನ್ನಾಗಿ. ಬೆಳಗಿನ ಅಟ್ಟಣೆ ಪೂರ್ವಕ್ಕೆ, ಸಂಜೆಯದು ಪಶ್ಚಿಮಕ್ಕೆ ಮುಖ ಮಾಡಿದರೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ.

ಸತ್ತ ಮರ, ಟೊಳ್ಳು ಮರ ಬೇಡ. ಆ್ಯಶ್ ಮರವನ್ನು ವಿಶೇಷವಾಗಿ ಅನುಮಾನಿಸಿ: ಹಸಿರು ಬಣ್ಣದ ಕೊರಕ ಹುಳು ಆ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ, ಸತ್ತ ಆ್ಯಶ್ ಬೇಗ ಪೆಡಸಾಗಿ ಮುರಿಯುತ್ತದೆ. ತೊಗಟೆ ಪಟ್ಟಿಪಟ್ಟಿಯಾಗಿ ಕಳಚುವ ಶ್ಯಾಗ್‌ಬಾರ್ಕ್ ಹಿಕರಿಗೆ ಕಾಂಡ ಕಚ್ಚಿಸಿ ಮೇಲಕ್ಕೆ ಸರಿಸುತ್ತ ಹತ್ತುವ ಬಗೆಯ ಅಟ್ಟಣೆ ಸರಿಯಾಗಿ ಕಚ್ಚುವುದಿಲ್ಲ. ನೆಲ ಬಿಡುವ ಮೊದಲೇ ಪೂರ್ತಿ ದೇಹದ ಹಾರ್ನೆಸ್ಸನ್ನು (ಮೈಗೆ ಬಿಗಿಯುವ ಸುರಕ್ಷಾಪಟ್ಟಿ), ಮರದ ಉದ್ದಕ್ಕೂ ಇಳಿಬಿಟ್ಟ ಸುರಕ್ಷಾಹಗ್ಗವಾದ ಲೈಫ್‌ಲೈನಿಗೆ ಸೇರಿಸಿ, ಮತ್ತೆ ನೆಲ ಮುಟ್ಟುವವರೆಗೂ ಕಳಚಬೇಡಿ. ಬೀಳುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಣೆಗೆ ಕಾಲಿಡುವಾಗ. ಕೂತಾಗ ಹಗ್ಗ ತಲೆಗಿಂತ ಮೇಲೆ ಬಿಗಿಯಾಗಿರಲಿ, ಸಡಿಲವಿದ್ದಷ್ಟೂ ಬೀಳುವ ದೂರ ಹೆಚ್ಚು. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡಿದರೂ ಕೆಲವೇ ನಿಮಿಷದಲ್ಲಿ ಕಾಲಿಗೆ ರಕ್ತ ಇಳಿದು ಜೀವಕ್ಕೆ ಅಪಾಯ. ಕಾಲಿಡಲು ಒಂದು ಕುಣಿಕೆ ಪಟ್ಟಿ ಜೇಬಿನಲ್ಲಿರಲಿ. ಬಂದೂಕನ್ನು ಗುಂಡು ತೆಗೆದು, ನಳಿಗೆ ಕೆಳಗೆ ಮಾಡಿ, ಹಗ್ಗದಲ್ಲಿ ಆಮೇಲೆ ಎಳೆದುಕೊಳ್ಳಿ.

ಕೊಂಬೆ ಸವರುವ ಕೆಲಸ ಬೇಸಿಗೆಯಲ್ಲೇ ಮುಗಿಯಲಿ, ಅಗಲವಾಗಿ ಬೇಡ. ಜಿಂಕೆ ನಿಲ್ಲುವ ಎರಡು ಮೂರು ಕಡೆಗೆ ಕಿರಿದಾದ ಕಿಂಡಿ ಸಾಕು.

ಅಟ್ಟಣೆಯ ಸುಳಿವು ಜಿಂಕೆಗಳಿಗೆ ಸಿಕ್ಕಿಬಿಟ್ಟಿದೆ ಎಂದು ತಿಳಿಯುವುದು ಹೇಗೆ? ಜಿಂಕೆ ಬರುವ ಮೊದಲೇ ಮರದ ಕಡೆ ನೋಡುತ್ತದೆ. ಮುಂಗಾಲು ನೆಲಕ್ಕೆ ಬಡಿಯುತ್ತದೆ. ಕಾಲುದಾರಿಯ ನಡುವೆ ಹೊಸ ಕವಲೊಂದು ಹುಟ್ಟಿ, ಮರವನ್ನು ಮೂವತ್ತು ನಲವತ್ತು ಗಜ ಬಳಸಿ ಮತ್ತೆ ಹಳೆಯ ದಾರಿಗೆ ಸೇರುತ್ತದೆ. ಅದು ಕಂಡ ದಿನವೇ ಅಟ್ಟಣೆ ಇಳಿಸಿ, ಹೊಸ ಕವಲಿನ ಗಾಳಿ ಹೋಗುವ ಬದಿಯ ಮರ ನೋಡಿ. ಮೊದಲ ಸಲ ಕೂತಾಗಿನ ಅವಕಾಶವೇ ದೊಡ್ಡದು, ಪ್ರತಿ ಸಲಕ್ಕೂ ಅದು ಇಳಿಯುತ್ತದೆ. ಒಂದೇ ಮರದಲ್ಲಿ ದಿನಾ ಕೂರುವುದಕ್ಕಿಂತ ಬೇರೆ ಬೇರೆ ಗಾಳಿಗೆ ನಾಲ್ಕೈದು ಮರ ಸಿದ್ಧವಿಟ್ಟು, ಬೆಳಗ್ಗೆ ಗಾಳಿ ನೋಡಿ ಮರ ಆರಿಸುವುದು ಸರಿ. ಜಿಂಕೆಯ ಚಿತ್ರ ತೆಗೆಯಲು ಕಾಡಿನಲ್ಲಿ ಕಟ್ಟಿಟ್ಟ ಕ್ಯಾಮೆರಾ ನೋಡಲು ವಾರವಾರ ಹೋಗುವುದೂ ಕೂತಷ್ಟೇ ಹಾನಿ ಮಾಡುತ್ತದೆ.

ಋತುವಿನ ಜೊತೆ ಜಾಗವೂ ಸರಿಯುತ್ತದೆ. ಸೆಪ್ಟೆಂಬರಿನಲ್ಲಿ ಹೊಲ ಮತ್ತು ಪೊದೆಯ ನಡುವಿನ ಸಂಜೆಯ ದಾರಿ. ಅಕ್ಟೋಬರಿನಲ್ಲಿ ಬಿಳಿ ಓಕ್. ಉತ್ತರದ ರಾಜ್ಯಗಳಲ್ಲಿ ಬೆದೆ ಏರುವ ನವೆಂಬರಿನ ಮೊದಲರ್ಧದಲ್ಲಿ ಗಂಡು ಊಟ ಬಿಟ್ಟು ಹೆಣ್ಣುಗಳ ಪೊದೆಯಿಂದ ಪೊದೆಗೆ ಅಲೆಯುತ್ತದೆ. ಆಗ ಇಕ್ಕಟ್ಟಿನ ಜಾಗದಲ್ಲಿ, ಹೆಣ್ಣುಗಳ ಪೊದೆಯ ಗಾಳಿ ಹೋಗುವ ಬದಿಯಲ್ಲಿ ಇಡೀ ದಿನ ಕೂರುವುದು ಸಾರ್ಥಕ. ದಕ್ಷಿಣದ ರಾಜ್ಯಗಳಲ್ಲಿ ಬೆದೆಯ ಕಾಲ ಜಾಗದಿಂದ ಜಾಗಕ್ಕೆ ಬೇರೆ. ಬಂದೂಕಿನ ಋತು ಕಳೆದ ಮೇಲೆ ಉಳಿದವು ಅತಿ ದಟ್ಟ ಪೊದೆ ಹೊಕ್ಕಿರುತ್ತವೆ. ಕೊರೆವ ಚಳಿಯಲ್ಲಿ ಬಿಸಿಲು ಬೀಳುವ ದಕ್ಷಿಣಮುಖದ ಇಳಿಜಾರಿನಲ್ಲಿ ಮಲಗಿ, ಉಳಿದ ಮೆಕ್ಕೆಜೋಳ, ಸೋಯಾಕ್ಕೆ ಮಧ್ಯಾಹ್ನವೇ ಹೊರಡುತ್ತವೆ.

ಋತು ಮುಗಿದ ಮೇಲೆ ಅಟ್ಟಣೆಯನ್ನು ಮರದಲ್ಲೇ ಬಿಡಬೇಡಿ. ಮರ ಬೆಳೆದಂತೆ ಪಟ್ಟಿ ಬಿಗಿದು ತೊಗಟೆಯೊಳಗೆ ಇಳಿಯುತ್ತದೆ, ಬಿಸಿಲಿಗೆ ನೂಲು ಒಣಗುತ್ತದೆ, ಅಳಿಲು ಕಚ್ಚುತ್ತದೆ. ಇಳಿಸಿ, ಬಣ್ಣ ಮಾಸಿದ ಅಥವಾ ಅಂಚು ಹರಿದ ಪಟ್ಟಿಗಳನ್ನು ಎಸೆದು, ಬೋಲ್ಟು ಬಿಗಿದು ಒಣಜಾಗದಲ್ಲಿಡಿ. ಪ್ರತಿ ಮರದ ಹೆಸರಿನ ಎದುರು ಯಾವ ಗಾಳಿಗೆ ಕೂತಿರಿ, ಅರಳೆ ಎತ್ತ ಹೋಯಿತು, ಜಿಂಕೆ ಎಷ್ಟು ಹೊತ್ತಿಗೆ ಯಾವ ಕಡೆಯಿಂದ ಬಂತು ಎಂದು ಬರೆದಿಟ್ಟ ಪುಸ್ತಕ ಹಿಡಿದುಕೊಂಡು ಫೆಬ್ರವರಿಯಲ್ಲಿ ಮತ್ತೆ ಕಾಡಿಗೆ ಹೋಗಿ, ಪೊದೆಗಳಿಂದಲೇ ಶುರುಮಾಡಿ.